ಕಮರೋನ್ ಹಾಡುವಾಗ ಪಾಕೋ ಏನು ಮಾಡುತ್ತಾರೆ? ಫ್ಲಮೆಂಕೊ ಜೋಡಿಯನ್ನು ಕೇಳುವ ಬಗೆ

ಫ್ಲಮೆಂಕೊ ಎಂದೊಡನೆ ನಮ್ಮಲ್ಲಿ ಹೆಚ್ಚಿನವರ ಕಣ್ಣಿಗೆ ಕಟ್ಟುವುದು ಕೆಂಪು ನಿರಿಗೆಯ ಲಂಗದ ನರ್ತಕಿ. ಸ್ವಲ್ಪ ಸಂಗೀತದ ಹುಚ್ಚು ಇರುವವರಿಗಾದರೆ ಗಿಟಾರ್. ನಾನು ಒಳಹೊಕ್ಕದ್ದೂ ಗಿಟಾರಿನ ಬಾಗಿಲಿನಿಂದಲೇ. ಪಾಕೋ ದೆ ಲುಸಿಯಾ ಅವರ ಬೆರಳೋಟಕ್ಕೆ ಮರುಳಾಗಿ ಸಿಕ್ಕಿದ್ದನ್ನೆಲ್ಲ ಕೇಳುತ್ತಿದ್ದ ಕಾಲದಲ್ಲಿ, ಅವರು ಕಮರೋನ್ ದೆ ಲಾ ಇಸ್ಲಾ ಎಂಬ ಹಾಡುಗಾರರ ಜೊತೆ ನುಡಿಸಿದ ಧ್ವನಿಮುದ್ರಿಕೆಯೊಂದು ಕೈಗೆ ಬಂತು. ಹತ್ತು ನಿಮಿಷಕ್ಕೆ ನಿಲ್ಲಿಸಿದೆ. ಈ ಮನುಷ್ಯ ಸುಮ್ಮನಿದ್ದಿದ್ದರೆ ಗಿಟಾರ್ ಚೆನ್ನಾಗಿ ಕೇಳಿಸುತ್ತಿತ್ತಲ್ಲ ಎಂಬುದು ಆಗಿನ ನನ್ನ ತೀರ್ಪು. ಅದು ಮದುವೆಮನೆಗೆ ಹೋಗಿ ವಾಲಗ ಕೇಳಿ, ಗಂಡುಹೆಣ್ಣನ್ನು ನೋಡದೆ ವಾಪಸಾದಂತೆ ಎಂದು ತಿಳಿಯಲು ಬಹಳ ದಿನ ಹಿಡಿಯಿತು.

ಫ್ಲಮೆಂಕೊ ಹುಟ್ಟಿದ ಆಂದಲೂಸಿಯಾದಲ್ಲಿ, ಅಂದರೆ ದಕ್ಷಿಣ ಸ್ಪೇನಿನಲ್ಲಿ, ಲೆಕ್ಕ ಬೇರೆ. ಅಲ್ಲಿ ಮೊದಲ ಮಣೆ ಹಾಡಿಗೆ. ಅದನ್ನು ಕಾಂತೆ ಎನ್ನುತ್ತಾರೆ. ಗಿಟಾರ್ ನುಡಿಸುವುದಕ್ಕೆ ತೊಕೆ ಎಂಬ ಹೆಸರು. ಅದು ಹಾಡಿನ ಬೆನ್ನಿಗೆ ಬಂದದ್ದು. ಗಿಟಾರ್ ವಾದಕನ ನಿಜವಾದ ಪರೀಕ್ಷೆ ಒಬ್ಬನೇ ವೇದಿಕೆ ಹತ್ತಿದಾಗ ನಡೆಯುವುದಿಲ್ಲ, ಹಾಡುವವನ ಪಕ್ಕದ ಕುರ್ಚಿಯಲ್ಲಿ ಕುಳಿತಾಗ ನಡೆಯುತ್ತದೆ. ಆ ಪಕ್ಕದ ಕುರ್ಚಿಯ ವಿದ್ಯೆಯನ್ನು ಕಿವಿಯಿಂದ ಹಿಡಿಯುವುದು ಹೇಗೆ ಎಂಬುದನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ. ಸ್ಪ್ಯಾನಿಷ್ ಗೊತ್ತಿರಬೇಕಾಗಿಲ್ಲ, ಗಿಟಾರ್ ಬರಬೇಕಾಗಿಲ್ಲ. ಒಂದು ಇಯರ್‌ಫೋನ್, ಎರಡು ಕೈ, ಮೂರು ನಾಲ್ಕು ವಾರ ದಿನಕ್ಕೆ ಅರ್ಧ ಗಂಟೆ, ಇಷ್ಟು ಸಾಕು.

ಒಂದು: ಗಿಟಾರ್ ಇಲ್ಲದ ಹಾಡಿನಿಂದ ತೊಡಗಿ

ಇದು ವಿಚಿತ್ರವೆನಿಸಬಹುದು. ಆದರೆ ಗಿಟಾರ್ ಏನು ಮಾಡುತ್ತಿದೆ ಎಂದು ತಿಳಿಯಬೇಕಾದರೆ ಮೊದಲು ಅದಿಲ್ಲದ ಹಾಡು ಹೇಗಿರುತ್ತದೆ ಎಂದು ಕೇಳಬೇಕು. ಫ್ಲಮೆಂಕೊದಲ್ಲಿ ಹಾಡಿನ ಬಗೆಗಳಿಗೆ ಪಾಲೊ ಎನ್ನುತ್ತಾರೆ. ಅವುಗಳಲ್ಲಿ ಮಾರ್ತಿನೆತೆ, ತೊನಾ ಎಂಬವು ಯಾವ ವಾದ್ಯದ ಆಸರೆಯೂ ಇಲ್ಲದೆ ಹಾಡುವಂಥವು. ಮಾರ್ತಿನೆತೆ ಕಮ್ಮಾರಸಾಲೆಯ ಹಾಡು. ಧ್ವನಿಮುದ್ರಿಕೆಗಳಲ್ಲಿ ಹಿಂದಿನಿಂದ ಅಡಿಗಲ್ಲಿನ ಮೇಲೆ ಸುತ್ತಿಗೆ ಬೀಳುವ ಸದ್ದು ಹಲವು ಬಾರಿ ಕೇಳುತ್ತದೆ. ಆಂದಲೂಸಿಯಾದ ಹಿತಾನೊ, ಅಂದರೆ ಜಿಪ್ಸಿ, ಕುಟುಂಬಗಳಲ್ಲಿ ಎಷ್ಟೋ ಜನ ಕಮ್ಮಾರರಿದ್ದರು. ಕಮರೋನ್ ಅವರ ತಂದೆಯೂ ಕಮ್ಮಾರರೇ.

ಎರಡು ಮೂರು ಮಾರ್ತಿನೆತೆ ಹುಡುಕಿ ಕೇಳಿ. ದನಿ ಮಧುರವಾಗಿರಬೇಕೆಂಬ ಹಟ ಇಲ್ಲಿ ಇಲ್ಲ. ಗಂಟಲು ಬಿರಿದಂತೆ, ಹರಿದಂತೆ ಇರುವ ದನಿಗೇ ಬೆಲೆ. ಒಂದು ಸಾಲನ್ನು ಹಿಡಿದರೆ ಎಲ್ಲಿ ಬಿಡುತ್ತಾರೆಂದು ಹೇಳಲಾಗದು. ಒಂದೇ ಸ್ವರದ ಸುತ್ತ ಸಣ್ಣ ಸಣ್ಣ ಬಳುಕು, ನಮ್ಮ ಗಮಕದ ಕಿವಿಗೆ ಅದು ಅಪರಿಚಿತವಲ್ಲ. ಸಾಲುಗಳ ನಡುವೆ ಮೌನ. ಆ ಮೌನಗಳನ್ನು ಗಮನಿಸಿ. ಮುಂದೆ ಗಿಟಾರ್ ಬಂದು ವಾಸ ಮಾಡುವುದು ಅಲ್ಲೇ.

ಎರಡು: ತಾಳವನ್ನು ಕೈಗೆ ತಂದುಕೊಳ್ಳಿ

ತಾಳದ ಆವರ್ತಕ್ಕೆ ಅವರಲ್ಲಿ ಕೊಂಪಾಸ್ ಎಂದು ಹೆಸರು. ತಾಳ ತಪ್ಪಿದ ಹಾಡುಗಾರನಿಗೆ ಅಲ್ಲಿ ಕ್ಷಮೆ ಇಲ್ಲ, ದನಿ ಎಷ್ಟೇ ಚೆನ್ನಾಗಿರಲಿ.

ಮೊದಲು ಸುಲಭದ್ದು: ತಾಂಗೊಸ್ ಎಂಬ ಪಾಲೊ. ನಾಲ್ಕು ಎಣಿಕೆ. ಒಂದನ್ನು ಖಾಲಿ ಬಿಟ್ಟು ಎರಡು, ಮೂರು, ನಾಲ್ಕಕ್ಕೆ ಚಪ್ಪಾಳೆ. 1976ರ ‘ರೋಸಾ ಮರಿಯಾ’ ಎಂಬ ಆಲ್ಬಮ್ಮಿನ ಅದೇ ಹೆಸರಿನ ಹಾಡನ್ನು ಹಾಕಿಕೊಂಡು ಹೊಡೆಯಿರಿ. ಎರಡು ದಿನದಲ್ಲಿ ಕೈ ಕೂಡಿಕೊಳ್ಳುತ್ತದೆ.

ಹನ್ನೆರಡರ ಆವರ್ತ ಫ್ಲಮೆಂಕೊದ ಬೆನ್ನೆಲುಬು. ಸೊಲೆಯಾ, ಅಲೆಗ್ರಿಯಾಸ್, ಬುಲೆರಿಯಾಸ್ ಎಂಬ ಮೂರೂ ಪಾಲೊಗಳು ಇದರ ಮೇಲೆಯೇ ನಿಂತಿವೆ. ಹನ್ನೆರಡು, ಮೂರು, ಆರು, ಎಂಟು, ಹತ್ತು, ಈ ಎಣಿಕೆಗಳ ಮೇಲೆ ಒತ್ತು. ಪುಸ್ತಕಗಳು ಇದನ್ನು ಅಂಕಿಯಲ್ಲಿ ಎಣಿಸಲು ಹೇಳುತ್ತವೆ. ಕನ್ನಡದಲ್ಲಿ ‘ಹನ್ನೊಂದು ಹನ್ನೆರಡು’ ಎಂದು ವೇಗವಾಗಿ ಹೇಳಲು ಹೋದರೆ ನಾಲಿಗೆ ಗಂಟಾಗುತ್ತದೆ. ನಾನು ಕಂಡುಕೊಂಡ ಸುಲಭದ ದಾರಿ ನಮ್ಮ ಲಯದ ಪಾಠದ್ದು. ಹನ್ನೆರಡನೆಯ ಎಣಿಕೆಯಿಂದ ತೊಡಗಿ ಹೀಗೆ ಹೇಳಿ:

ತಕಿಟ ತಕಿಟ ತಕ ತಕ ತಕ

ಮೂರು, ಮೂರು, ಎರಡು, ಎರಡು, ಎರಡು. ಪ್ರತಿ ‘ತ’ಕ್ಕೆ ಒಂದು ಚಪ್ಪಾಳೆ. ಅಷ್ಟೇ. ನಿಧಾನವಾಗಿ ಹೇಳಿದರೆ ಸೊಲೆಯಾ, ನಡುವೇಗದಲ್ಲಿ ಅಲೆಗ್ರಿಯಾಸ್, ಉಸಿರು ಕಟ್ಟುವಷ್ಟು ವೇಗವಾದರೆ ಬುಲೆರಿಯಾಸ್. ಸೊಲೆಯಾದಲ್ಲಿ ಅವರು ಎಣಿಕೆಯನ್ನು ಒಂದರಿಂದ ಹಿಡಿಯುತ್ತಾರೆ, ಬುಲೆರಿಯಾಸ್‌ನಲ್ಲಿ ಹನ್ನೆರಡರಿಂದ. ಒತ್ತು ಬೀಳುವ ಜಾಗ ಮಾತ್ರ ಬದಲಾಗುವುದಿಲ್ಲ. ಸೆಗಿರಿಯಾ ಎಂಬ ಕಡುದುಃಖದ ಪಾಲೊ ಇದೆಯಲ್ಲ, ಅದು ಇದೇ ಹನ್ನೆರಡನ್ನು ಬೇರೆ ಕಡೆಯಿಂದ ಹಿಡಿಯುತ್ತದೆ: ತಕ ತಕ ತಕಿಟ ತಕಿಟ ತಕ. ಬಸ್ಸಿನಲ್ಲಿ ಕುಳಿತು ತೊಡೆಯ ಮೇಲೆ ತಟ್ಟುತ್ತಾ ಅಭ್ಯಾಸ ಮಾಡಬಹುದು. ಪಕ್ಕದವರು ಒಮ್ಮೆ ನೋಡಿ ಸುಮ್ಮನಾಗುತ್ತಾರೆ.

ಹತ್ತನೆಯ ಎಣಿಕೆಯ ಮೇಲೆ ವಿಶೇಷ ಕಣ್ಣಿಡಿ. ಹನ್ನೆರಡರ ಆವರ್ತದ ಪಾಲೊಗಳಲ್ಲಿ ಮಾತು ಮುಗಿಯುವುದು ಸಾಮಾನ್ಯವಾಗಿ ಅಲ್ಲಿ, ಅಂದರೆ ಕೊನೆಯ ‘ತಕ’ದ ‘ತ’ದಲ್ಲಿ. ಗಿಟಾರಿನ ಒಂದು ವಾಕ್ಯ ಹತ್ತಕ್ಕೆ ಬಂದು ನಿಲ್ಲುತ್ತದೆ; ಹನ್ನೊಂದು, ಹನ್ನೆರಡು ಉಸಿರು ತೆಗೆದುಕೊಳ್ಳುವ ಜಾಗ. ಆವರ್ತ ಮುಗಿಯುವ ಮುನ್ನವೇ ಮುಕ್ತಾಯ ಬರುವುದು ನಮಗೆ ಹೊಸದು. ಸಮದಲ್ಲಿ ಮುಗಿಯಲೆಂದು ಕಾಯುವ ನಮ್ಮ ಕಿವಿ ಮೊದಮೊದಲು ಎಡವುತ್ತದೆ.

ಮೂರು: ಯಾವ ಜೋಡಿ, ಯಾವ ಮುದ್ರಿಕೆ

ಜೋಡಿಗಳು ಬಹಳ ಇವೆ. ಕಲಿಯಲು ನಾನು ಸೂಚಿಸುವುದು ಕಮರೋನ್ ಮತ್ತು ಪಾಕೋ ಜೋಡಿಯನ್ನೇ. ಮುದ್ರಿಕೆಗಳು ಸುಲಭವಾಗಿ ಸಿಗುತ್ತವೆ, ವರ್ಷಕ್ರಮದಲ್ಲಿ ಕೇಳಬಹುದು, ಇಬ್ಬರೂ ಬೆಳೆಯುವುದು ಕಿವಿಗೆ ಬೀಳುತ್ತದೆ.

ಕಮರೋನ್ ಅವರ ನಿಜವಾದ ಹೆಸರು ಹೊಸೆ ಮೊಂಹೆ ಕ್ರೂಸ್. ಹುಟ್ಟಿದ್ದು 1950ರ ಡಿಸೆಂಬರ್ 5ರಂದು, ಕಾದಿಸ್ ಪ್ರಾಂತ್ಯದ ಸಾನ್ ಫೆರ್ನಾಂದೊದಲ್ಲಿ. ಬೆಳ್ಳಗೆ, ತೆಳ್ಳಗೆ, ಹೊಂಬಣ್ಣದ ಕೂದಲಿನ ಹುಡುಗನನ್ನು ನೋಡಿ ಸೋದರಮಾವ ಕಮರೋನ್, ಅಂದರೆ ಸಿಗಡಿ, ಎಂದು ಕರೆದರಂತೆ. ಆ ಅಡ್ಡಹೆಸರೇ ಉಳಿಯಿತು. ಊರಿನ ವೆಂತಾ ದೆ ವಾರ್ಗಾಸ್ ಎಂಬ ಊಟದ ಮನೆಯಲ್ಲಿ ಚಿಕ್ಕಂದಿನಲ್ಲೇ ಹಾಡಿ ಹೆಸರು ಮಾಡಿದ್ದರು. ಪಾಕೋ ಅವರದು ಅಲ್ಲಿಗೆ ದೂರವಲ್ಲದ ಬಂದರು ಪಟ್ಟಣ ಅಲ್ಹೆಸಿರಾಸ್. ಹುಟ್ಟಿದ್ದು 1947ರ ಡಿಸೆಂಬರ್ 21ರಂದು. ಹೆಸರು ಫ್ರಾನ್ಸಿಸ್ಕೊ ಸಾಂಚೆಸ್ ಗೋಮೆಸ್. ತಾಯಿ ಲುಸಿಯಾ, ಲುಸಿಯಾಳ ಮಗ ಪಾಕೋ. ತಂದೆ ಆಂತೊನಿಯೊ ಗಿಟಾರ್ ನುಡಿಸಿ ಮನೆ ನಡೆಸಿದವರು. ಒಬ್ಬ ಅಣ್ಣ ರಾಮೋನ್ ಗಿಟಾರ್ ವಾದಕ, ಇನ್ನೊಬ್ಬ ಅಣ್ಣ ಪೆಪೆ ಹಾಡುಗಾರ. ಹೀಗಾಗಿ ಪಾಕೋ ಅವರ ಮೊದಲ ಪಾಠವೇ ಮನೆಯೊಳಗಿನ ಹಾಡಿಗೆ ಜೊತೆ ಕೊಡುವುದಾಗಿತ್ತು. ತನಗೆ ಹಾಡುಗಾರನಾಗುವ ಆಸೆಯಿತ್ತು, ನಾಚಿಕೆಯಿಂದಾಗಿ ಗಿಟಾರಿನ ಹಿಂದೆ ಅಡಗಿಕೊಂಡೆ ಎಂಬರ್ಥದ ಮಾತನ್ನು ಅವರು ಮುಂದೆ ಆಡಿದ್ದಾರೆ. ಈ ಮಾತು ನೆನಪಿರಲಿ. ಅವರ ಗಿಟಾರ್ ಕೇಳುವಾಗ ಅದು ಹಲವು ಗಂಟು ಬಿಡಿಸುತ್ತದೆ.

ಇಬ್ಬರ ಮೊದಲ ಆಲ್ಬಮ್ 1969ರದು. ಆಗ ಒಬ್ಬರಿಗೆ ಹದಿನೆಂಟು, ಇನ್ನೊಬ್ಬರಿಗೆ ಇಪ್ಪತ್ತೊಂದು. ಅಲ್ಲಿಂದ 1977ರ ‘ಕಾಸ್ತಿಯೊ ದೆ ಅರೇನಾ’ದವರೆಗೆ ವರ್ಷಕ್ಕೊಂದರಂತೆ ಒಂಬತ್ತು. ಕಮರೋನ್ ಆ ವರ್ಷಗಳಲ್ಲಿ ಮ್ಯಾಡ್ರಿಡ್‌ನ ತೊರೆಸ್ ಬೆರ್ಮೆಹಾಸ್ ಎಂಬ ತಾಬ್ಲಾವ್‌ನಲ್ಲಿ, ಅಂದರೆ ಊಟ ಮಾಡುತ್ತಾ ಫ್ಲಮೆಂಕೊ ನೋಡುವ ಮನೆಯಲ್ಲಿ, ಹಾಡುತ್ತಿದ್ದರು.

ಎಲ್ಲವನ್ನೂ ಒಟ್ಟಿಗೆ ಕೇಳಲು ಹೋಗಬೇಡಿ. ಮೊದಲನೆಯದು, ‘ಕನಸ್ತೆರಾ’ (1972) ಮತ್ತು ‘ಕಾಸ್ತಿಯೊ ದೆ ಅರೇನಾ’, ಈ ಮೂರನ್ನು ಆಯ್ದುಕೊಳ್ಳಿ. ಒಂದು ಉಪಯೋಗದ ಮಾತು: ಫ್ಲಮೆಂಕೊ ಮುದ್ರಿಕೆಗಳಲ್ಲಿ ಹಾಡಿನ ಹೆಸರಿನ ಜೊತೆ ಅದು ಯಾವ ಪಾಲೊ ಎಂದು ಬರೆದಿರುವುದು ವಾಡಿಕೆ. ಅದನ್ನು ನೋಡಿಕೊಂಡೇ ಕೇಳಿ. ಯಾವ ತಾಳ ಹೊಡೆಯಬೇಕೆಂದು ಮೊದಲೇ ಗೊತ್ತಾಗುತ್ತದೆ. ಕನಸ್ತೆರಾ ಎಂಬುದು ಈ ಇಬ್ಬರೇ ಫಂದಾಂಗೊ ಎಂಬ ಪಾಲೊವನ್ನು ಆಧಾರವಾಗಿಟ್ಟುಕೊಂಡು ಕಟ್ಟಿದ ಹೊಸ ಪಾಲೊ. ಅದನ್ನು ಕೈಗೆತ್ತಿಕೊಂಡು ಬೆಳೆಸಿದವರು ಹೆಚ್ಚು ಮಂದಿಯಿಲ್ಲ. ಆದರೆ ಇಪ್ಪತ್ತೈದು ದಾಟದ ಹುಡುಗರಿಬ್ಬರು ಹಾಗೆ ಮಾಡುವ ಧೈರ್ಯ ತೋರಿದರಲ್ಲ!

ನಾಲ್ಕು: ಒಂದೇ ಹಾಡು, ಮೂರು ಸಲ

ಇಲ್ಲಿ ತಾಳ್ಮೆ ಬೇಕು. ನಿಧಾನದ ಸೊಲೆಯಾ ಒಂದನ್ನು ಆಯ್ದುಕೊಂಡು ಮೂರು ಸಲ ಕೇಳಿ.

ಮೊದಲ ಸಲ ಹಾಡನ್ನು ಮಾತ್ರ. ಕಮರೋನ್ ನೇರವಾಗಿ ಸಾಹಿತ್ಯಕ್ಕೆ ಇಳಿಯುವುದಿಲ್ಲ. ‘ಆಯ್’ ಎಂದು ಎಳೆದು ದನಿಯನ್ನು ಹದಕ್ಕೆ ತರುತ್ತಾರೆ. ಇದಕ್ಕೆ ತೆಂಪ್ಲೆ ಎನ್ನುತ್ತಾರೆ. ತಂಬೂರಿ ಶ್ರುತಿ ಮಾಡಿದಂತೆ ಗಂಟಲನ್ನು ಶ್ರುತಿ ಮಾಡುವುದು. ಆಮೇಲೆ ಮೂರೋ ನಾಲ್ಕೋ ಸಾಲಿನ ಚಿಕ್ಕ ಪದ್ಯ. ಒಂದು ಹಾಡೆಂದರೆ ಇಂತಹ ಬಿಡಿ ಪದ್ಯಗಳ ಮಾಲೆ. ಒಂದಕ್ಕೂ ಇನ್ನೊಂದಕ್ಕೂ ಕತೆಯ ನಂಟು ಇರಲೇಬೇಕೆಂದಿಲ್ಲ. ಪ್ರತಿ ಸಾಲನ್ನೂ ತೆರ್ಸಿಯೊ ಎಂದು ಕರೆಯುತ್ತಾರೆ. ಎಲ್ಲಿ ಉಸಿರು ತೆಗೆದುಕೊಂಡರು, ಎಲ್ಲಿ ಒಂದೇ ಉಸಿರಿನಲ್ಲಿ ಎರಡು ಸಾಲನ್ನು ಕೂಡಿಸಿಬಿಟ್ಟರು, ಇದನ್ನು ಗುರುತು ಹಾಕಿಕೊಳ್ಳಿ.

ಎರಡನೆಯ ಸಲ ಗಿಟಾರನ್ನು ಮಾತ್ರ. ಹಾಡು ತೊಡಗುವ ಮುನ್ನ ಪಾಕೋ ಒಂದಿಷ್ಟು ನುಡಿಸುತ್ತಾರೆ. ಅದು ಬರಿಯ ಅಲಂಕಾರವಲ್ಲ. ಇಂದಿನ ಶ್ರುತಿ ಇದು, ಇಂದಿನ ನಡೆ ಇದು, ಹಾಡು ಹೊರುವ ಭಾರ ಇಷ್ಟು ಎಂದು ಹಾಡುವವನ ಮುಂದೆ ಹಾಸುವ ಜಮಖಾನೆ ಅದು. ನಡುನಡುವೆ ಬರುವ ಪುಟ್ಟ ಸ್ವರಮಾಲೆಗೆ ಫಾಲ್ಸೆತಾ ಎಂದು ಹೆಸರು. ಇನ್ನು ಹಾಡು ಬಂದ ಕ್ಷಣ ಗಿಟಾರ್ ಏನಾಯಿತು ಕೇಳಿ. ಕುಗ್ಗಿತು. ಅದೇ ಮನುಷ್ಯ, ನಿಮಿಷದ ಹಿಂದೆ ಮಿಂಚುತ್ತಿದ್ದ ಅದೇ ಬೆರಳು, ಈಗ ಬರಿಯ ತಾಳ ಮತ್ತು ಒಂದೆರಡು ಸ್ವರಮೇಳ, ಅಂದರೆ ಹಲವು ಸ್ವರಗಳನ್ನು ಒಟ್ಟಿಗೆ ಮೀಟುವ ಕಾರ್ಡ್. ತಂತಿಯ ಕೆಳಗಿನ ಹಲಗೆಗೆ ಉಗುರಿನಿಂದ ಕುಟ್ಟಿದ ಸದ್ದು, ಅಷ್ಟೇ. ಫ್ಲಮೆಂಕೊ ಗಿಟಾರಿಗೆ ಸಾಂಪ್ರದಾಯಿಕವಾಗಿ ಬಳಸುವ ಸೈಪ್ರೆಸ್ ಮರ ಹಗುರ. ನಾದ ಠಣ್ಣನೆ ಎದ್ದು ಬೇಗ ಆರಿಹೋಗುತ್ತದೆ. ಹಾಡಿನ ಮೇಲೆ ಕುಳಿತುಕೊಳ್ಳದ ನಾದ, ಪಕ್ಕವಾದ್ಯಕ್ಕೆ ಹೇಳಿಮಾಡಿಸಿದ್ದು.

ಮೂರನೆಯ ಸಲ ಕೇಳಬೇಕಾದದ್ದು ಸಂದು. ತೆರ್ಸಿಯೊ ಮುಗಿದು ಮುಂದಿನದು ಬರುವ ಮೊದಲಿನ ಆ ಎರಡು ಮೂರು ಕ್ಷಣ. ಗಿಟಾರ್ ಅಲ್ಲಿ ಉತ್ತರ ಕೊಡುತ್ತದೆ. ಹಾಡು ಕೆಳಗಿಳಿದು ಮುಗಿದಿದ್ದರೆ ಉತ್ತರ ಹೇಗಿತ್ತು? ಮೇಲೆ ತೂಗುತ್ತಲೇ ಬಿಟ್ಟಿದ್ದರೆ? ಕಮರೋನ್ ಒಂದು ಸ್ವರವನ್ನು ನಿರೀಕ್ಷೆ ಮೀರಿ ಎಳೆದಾಗ ಪಾಕೋ ಆವರ್ತವನ್ನು ಬಿಡದೆ ಅದೇ ಸ್ವರಮೇಳದಲ್ಲಿ ಇನ್ನೊಂದು ಸುತ್ತು ಕಾಯುತ್ತಾರೆ. ಕಡೆಗೆ ಇಬ್ಬರೂ ಹತ್ತನೆಯ ಎಣಿಕೆಯಲ್ಲಿ ಒಟ್ಟಿಗೆ ಮುಚ್ಚುವುದು, ಅದಕ್ಕೆ ರೆಮಾತೆ ಎಂದು ಹೆಸರು, ಮಾತಾಡಿಕೊಂಡು ಮಾಡಿದ್ದಲ್ಲ ಎನ್ನಿಸುವಷ್ಟು ಸಹಜ. ನೇರ ಕಛೇರಿಯಲ್ಲಿ ಎಷ್ಟೋ ಸಲ ನಿಜವಾಗಿಯೂ ಮಾತಾಡಿಕೊಂಡಿರುವುದಿಲ್ಲ. ಯಾವ ಪದ್ಯ ಬರುತ್ತದೆಂದು ಹಾಡುವವನು ಹೇಳುವುದಿಲ್ಲ. ಪಾಲೊ, ಶ್ರುತಿ ಇವೆರಡು ಗೊತ್ತಿದ್ದರೆ ಮುಖಪರಿಚಯವಿಲ್ಲದ ಇಬ್ಬರೂ ಕೂಡ ವೇದಿಕೆ ಹತ್ತಬಹುದು.

1970ರ ದಶಕದ ಸ್ಪೇನಿನ ಟಿವಿ ತುಣುಕುಗಳಲ್ಲಿ ಈ ಇಬ್ಬರು ಪಕ್ಕಪಕ್ಕದಲ್ಲಿ ಕುಳಿತಿರುವುದನ್ನು ನೋಡಬಹುದು. ನೋಡುವಾಗ ಪಾಕೋ ಅವರ ಕೈ ನೋಡಬೇಡಿ. ಕಷ್ಟ, ಆದರೂ ಬೇಡ. ಅವರ ಕಣ್ಣು ಎಲ್ಲಿದೆ ನೋಡಿ, ಕಮರೋನ್ ಅವರ ಎದೆ ಉಸಿರಿಗೆ ಏರುವುದನ್ನು ನೋಡಿ.

ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಈ ಜೋಡಿ ಹೀಗಾಗಲು ಪಾಕೋ ಅವರ ಜಾಣ್ಮೆಯಷ್ಟೇ ಕಾರಣವೆಂದು ಬರೆಯುವವರಿದ್ದಾರೆ. ನನಗೆ ಕಾಣುವುದು ತಿರುಗುಮುರುಗು. ಕಮರೋನ್ ಅವರ ತಾಳ ಉಕ್ಕಿನದು. ಹಾಡುವವನ ತಾಳ ಸಡಿಲವಾಗಿದ್ದರೆ ಗಿಟಾರ್ ವಾದಕ ಪ್ರತಿ ಒತ್ತನ್ನೂ ಕುಟ್ಟಿ ಕುಟ್ಟಿ ತೋರಿಸಬೇಕಾಗುತ್ತದೆ. ಕಮರೋನ್ ಇದ್ದರೆ ಅದು ಬೇಡ. ಒತ್ತನ್ನು ಬಿಟ್ಟು ಅದರ ಪಕ್ಕದಲ್ಲಿ ಹೊಡೆಯಬಹುದು, ಅರ್ಧ ಆವರ್ತ ಸುಮ್ಮನಿರಬಹುದು, ಹೊಸ ಸ್ವರಮೇಳ ಹಾಕಿ ನೋಡಬಹುದು. ಪಾಕೋ ಅವರಿಗೆ ಆ ಸ್ವಾತಂತ್ರ್ಯ ಕೊಟ್ಟದ್ದು ಹಾಡು.

ಐದು: ಸ್ವರದ ದಾರಿ

ಕರ್ನಾಟಕ ಸಂಗೀತ ಸ್ವಲ್ಪ ಬಲ್ಲವರಿಗೆ ಈ ಹಂತ ಸುಲಭ. ಬಾರದವರು ಸುಮ್ಮನೆ ಕಣ್ಣಾಡಿಸಿಕೊಂಡು ಮುಂದೆ ಹೋಗಬಹುದು. ಫ್ಲಮೆಂಕೊದ ಬಹುಭಾಗ ನಿಂತಿರುವುದು ನಮ್ಮ ಹನುಮತೋಡಿಯ ಸ್ವರಗಳ ಮೇಲೆ. ಆದರೆ ಗಿಟಾರ್ ಷಡ್ಜದ ಸ್ವರಮೇಳ ಹಿಡಿಯುವಾಗ ಅಂತರ ಗಾಂಧಾರವನ್ನು ಹಾಕುತ್ತದೆ, ಅಂದರೆ ವಕುಲಾಭರಣದ ಗಾಂಧಾರ. ಹಾಗಾಗಿ ಹಾಡು ಎರಡು ಗಾಂಧಾರಗಳ ನಡುವೆ ಓಡಾಡುತ್ತದೆ. ಗಿಟಾರಿನ ಮುಕ್ತಾಯದ ನಡೆ ಮ, ಗ, ರಿ, ಸ ಎಂದು ಮೆಟ್ಟಿಲು ಇಳಿದಂತೆ; ಪ್ರತಿ ಮೆಟ್ಟಿಲಿಗೂ ಒಂದು ಸ್ವರಮೇಳ. ಇದನ್ನು ಒಮ್ಮೆ ಹಿಡಿದರೆ ಎಲ್ಲೆಡೆ ಕೇಳಿಸುತ್ತದೆ.

ಸ್ವರಗಳು ಕೂಡುತ್ತವೆಂದು ‘ಇದು ನಮ್ಮದೇ ಸಂಗೀತ’ ಎಂದು ಎದೆ ತಟ್ಟಿಕೊಳ್ಳುವುದು ಬೇಡ. ಹಿತಾನೊಗಳ ಪೂರ್ವಜರು ಭಾರತದ ವಾಯವ್ಯ ಭಾಗದಿಂದ ಹೊರಟವರು ಎಂಬುದು ನಿಜ, ರೋಮಾನಿ ಭಾಷೆಯೇ ಸಾಕ್ಷಿ. ಆದರೆ ಫ್ಲಮೆಂಕೊ ರೂಪುಗೊಂಡದ್ದು ಆಂದಲೂಸಿಯಾದ ಮಣ್ಣಿನಲ್ಲಿ, ಹಲವು ಜನರ ಹಾಡು ಬೆರೆತು. ಅಲ್ಲಿ ರಾಗವಿಲ್ಲ, ನಮ್ಮಲ್ಲಿ ಆ ಸ್ವರಮೇಳಗಳಿಲ್ಲ.

ಸ್ವರಮೇಳ ಬದಲಾಗುವುದನ್ನು ಕೇಳಲು ಫಂದಾಂಗೊ ಒಳ್ಳೆಯ ಪಾಠಶಾಲೆ. ಅದರಲ್ಲಿ ಹಾಡುವ ಸಾಲುಗಳು ಆರು. ಗಿಟಾರ್ ಗೊತ್ತಿರುವವರಿಗಾಗಿ ಹೇಳುವುದಾದರೆ, ಇ ಸ್ವರವನ್ನು ಷಡ್ಜವಾಗಿಟ್ಟುಕೊಂಡಾಗ ಸಾಲುಗಳು ಕ್ರಮವಾಗಿ ಸಿ, ಎಫ್, ಸಿ, ಜಿ, ಸಿ ಸ್ವರಮೇಳಗಳಲ್ಲಿ ಮುಗಿದು, ಆರನೆಯದು ಎಫ್ ಮೂಲಕ ಇಗೆ ಇಳಿಯುತ್ತದೆ. ಹಾಡಿನ ತುಂಬ ಬಿಸಿಲು, ಕೊನೆಯ ಸಾಲಿಗೆ ಮೋಡ ಕವಿದಂತೆ. ಕಮರೋನ್ ಮತ್ತು ಪಾಕೋ ಸಾಕಷ್ಟು ಫಂದಾಂಗೊ ಮುದ್ರಿಸಿದ್ದಾರೆ. ಅವುಗಳಲ್ಲಿ ತಾಳ ಬಿಟ್ಟು ಹಾಡುವಂಥವನ್ನು ಹುಡುಕಿ. ತಾಳವೇ ಇಲ್ಲದಾಗ ಗಿಟಾರ್ ವಾದಕನಿಗೆ ಹಿಡಿದುಕೊಳ್ಳಲು ಏನೂ ಇಲ್ಲ. ಸಾಲು ಎಲ್ಲಿ ಇಳಿಯುತ್ತದೋ ಅಲ್ಲಿಗೆ ಮೊದಲೇ ಹೋಗಿ ಕಾದಿರಬೇಕು. ತಡವಾದರೆ ಹಿಂಬಾಲಕ, ಮುಂಚೆಯೇ ಬಾರಿಸಿದರೆ ಹಾಡಿನ ಕತ್ತು ಹಿಸುಕಿದಂತೆ. ಜೊತೆ ಕೊಡುವುದರ ಕಷ್ಟವೆಲ್ಲ ಈ ಕೂದಲೆಳೆಯಲ್ಲಿದೆ.

ಆರು: ಜೋಡಿಯನ್ನು ಬಿಡಿಸಿ ನೋಡಿ

ಒಂದು ಜೋಡಿ ಚೆನ್ನಾಗಿ ಅರ್ಥವಾಗುವುದು ಅದನ್ನು ಬೇರೆ ಮಾಡಿ ಕೇಳಿದಾಗ. 1979ರ ‘ಲಾ ಲೆಯೆಂದಾ ದೆಲ್ ತಿಯೆಂಪೊ’ ಹಾಕಿ. ಇದರಲ್ಲಿ ಪಾಕೋ ಇಲ್ಲ. ಸ್ಪೇನಿನ ಕವಿ ಲೋರ್ಕಾ ಅವರ ಕವಿತೆಗಳು, ಡ್ರಮ್ಸ್, ಎಲೆಕ್ಟ್ರಿಕ್ ಬಾಸ್. ಒಂದು ಜೋಗುಳದಲ್ಲಿ ಸಿತಾರ್ ಕೂಡ ಇದೆ, ನುಡಿಸಿದವರು ಸೆವಿಯಾದ ಗುವಾಲ್ಬೆರ್ತೊ. ಬಂದ ಹೊಸತರಲ್ಲಿ ಇದನ್ನು ಕೊಂಡವರು ಕಡಿಮೆ, ಬೈದವರು ಹೆಚ್ಚು. ಈಗ ಫ್ಲಮೆಂಕೊ ದಿಕ್ಕು ಬದಲಿಸಿದ ಮುದ್ರಿಕೆ ಎಂದು ಅದನ್ನೇ ಹಾಡಿ ಹೊಗಳುತ್ತಾರೆ. ಗಿಟಾರ್ ವಾದಕರಲ್ಲಿ ಅಲ್ಮೆರಿಯಾದ ಯುವಕ ತೊಮಾತಿತೊ ಇದ್ದರು. ಹೆಸರಿನ ಅರ್ಥ ಪುಟ್ಟ ಟೊಮ್ಯಾಟೊ. ಸಿಗಡಿ ಮತ್ತು ಟೊಮ್ಯಾಟೊ. ಅಡುಗೆಮನೆಯಲ್ಲೂ ಕೂಡುವ ಜೋಡಿ.

ಕಮರೋನ್ ಅವರ ಕೊನೆಯವರೆಗೂ ವೇದಿಕೆಯ ಮೇಲೆ ಪಕ್ಕದ ಕುರ್ಚಿ ತೊಮಾತಿತೊ ಅವರದೇ. 1987ರಲ್ಲಿ ಪ್ಯಾರಿಸಿನಲ್ಲಿ ಮುದ್ರಿಸಿ 1999ರಲ್ಲಿ ಹೊರಬಂದ ನೇರ ಕಛೇರಿಯಲ್ಲಿ ಇವರಿಬ್ಬರನ್ನು ಕೇಳಿ. ಪಾಕೋ ಅವರು ಕಮರೋನ್‌ಗೆ ಎದುರು ಮಾತಾಡುವ ಗೆಳೆಯನಂತೆ, ಕೆಣಕುತ್ತಾರೆ, ಹೊಸ ದಾರಿ ತೋರಿಸುತ್ತಾರೆ. ತೊಮಾತಿತೊ ಹೆಗಲು ಕೊಡುವ ತಮ್ಮನಂತೆ. ಅವರ ತಾಳದಲ್ಲಿ ಒಂದು ಒರಟು ಬಿಸಿ ಇದೆ, ಹಾಡು ಏರಿದರೆ ತಾವೂ ಏರುತ್ತಾರೆ. ಯಾರು ಮೇಲು ಎಂದು ಹೇಳಲು ನನಗೆ ಮನಸ್ಸಿಲ್ಲ. 1981ರ ‘ಕೊಮೊ ಎಲ್ ಆಗ್ವಾ’ದಲ್ಲಿ ಇಬ್ಬರು ಗಿಟಾರ್ ವಾದಕರೂ ಒಟ್ಟಿಗೆ ಇದ್ದಾರೆ, ಸಾಧ್ಯವಾದರೆ ಬೇರ್ಪಡಿಸಿ ಕೇಳಿ. ಕೊನೆಯ ಆಲ್ಬಮ್ ‘ಪೊತ್ರೊ ದೆ ರಾಬಿಯಾ ಇ ಮಿಯೆಲ್’ 1992ರದು, ಅದರಲ್ಲೂ ಇಬ್ಬರೂ ಇದ್ದಾರೆ. ಆ ಹೊತ್ತಿಗೆ ಕಮರೋನ್‌ಗೆ ಶ್ವಾಸಕೋಶದ ಕ್ಯಾನ್ಸರ್. ಅದೇ ವರ್ಷ ಜುಲೈ 2ರಂದು ತೀರಿಕೊಂಡರು, ವಯಸ್ಸು ನಲವತ್ತೊಂದು. ಅದನ್ನು ಮೊದಲೇ ಕೇಳಬೇಡಿ. ಹಳೆಯ ದನಿ ಕಿವಿಯಲ್ಲಿ ಗಟ್ಟಿಯಾಗಿ ಕೂತ ಮೇಲೆ ಕೇಳಿ.

ಇದಕ್ಕೆ ತದ್ವಿರುದ್ಧವಾದ ಬಗೆಯನ್ನು ಕೇಳಬೇಕೆನಿಸಿದರೆ ಹಾಡುಗಾರ್ತಿ ಫೆರ್ನಾಂದಾ ದೆ ಉತ್ರೆರಾ ಅವರ ಸೊಲೆಯಾಕ್ಕೆ ಮೊರೋನ್ ಊರಿನ ದಿಯೆಗೊ ದೆಲ್ ಗಾಸ್ತೊರ್ ಜೊತೆ ಕೊಟ್ಟಿರುವುದನ್ನು ಹುಡುಕಿ. ಅಲ್ಲಿ ವೇಗವೇ ಇಲ್ಲ. ಹೆಬ್ಬೆರಳಿನ ನಾಲ್ಕು ಪೆಟ್ಟು, ನಡುವೆ ಬೇಕಾದಷ್ಟು ಗಾಳಿ.

ಏಳು: ಸ್ಪೇನಿಗೆ ಹೋದರೆ

ಯುರೋಪಿನಲ್ಲಿರುವ ಕನ್ನಡಿಗರಿಗೆ ಇದು ಕಷ್ಟದ ಮಾತಲ್ಲ. ತಾಬ್ಲಾವ್‌ಗಳಲ್ಲಿ ನೃತ್ಯಕ್ಕೆ ಮೊದಲ ಜಾಗ. ಹಾಡು ಮತ್ತು ಗಿಟಾರಿನ ಮಾತುಕತೆ ಕೇಳಬೇಕೆಂದರೆ ಪೆನ್ಯಾ ಎಂಬ ರಸಿಕರ ಸಂಘಗಳನ್ನು ವಿಚಾರಿಸಿ. ಹೆರೆಸ್, ಕಾದಿಸ್, ಸೆವಿಯಾಗಳಲ್ಲಿ ಇವೆ, ಎಷ್ಟೋ ಕಡೆ ಹೊರಗಿನವರನ್ನೂ ಬಿಡುತ್ತಾರೆ. ಸೆವಿಯಾದಲ್ಲಿ 1980ರಿಂದ ಎರಡು ವರ್ಷಕ್ಕೊಮ್ಮೆ ದೊಡ್ಡ ಫ್ಲಮೆಂಕೊ ಉತ್ಸವ ನಡೆಯುತ್ತದೆ. ಸಾನ್ ಫೆರ್ನಾಂದೊದಲ್ಲಿ ವೆಂತಾ ದೆ ವಾರ್ಗಾಸ್ ಈಗಲೂ ಇದೆ, ಅದರ ಪಕ್ಕದಲ್ಲೇ 2021ರಲ್ಲಿ ಕಮರೋನ್ ಅವರ ವಸ್ತುಸಂಗ್ರಹಾಲಯ ತೆರೆದಿದೆ.

ಕುಳಿತಲ್ಲಿಂದ ಚಪ್ಪಾಳೆ ತಾಳ ಹಾಕಬೇಡಿ. ಮನೆಯಲ್ಲಿ ಎಷ್ಟೇ ಕಲಿತಿರಿ, ಅಲ್ಲಿ ಅದು ವೇದಿಕೆಯವರ ಕೆಲಸ, ಪಾಲ್ಮಾಸ್ ಎಂಬ ಅದೇ ಒಂದು ವಿದ್ಯೆ. ‘ಓಲೆ’ ಎನ್ನಬಹುದು, ಆದರೆ ತೆರ್ಸಿಯೊದ ನಡುವೆ ಅಲ್ಲ. ಮುಕ್ತಾಯದಲ್ಲಿ, ಗಿಟಾರ್ ಮುಚ್ಚುವ ಹೊತ್ತಿಗೆ, ಮೆಲ್ಲಗೆ. ಅನುಮಾನವಿದ್ದರೆ ಪಕ್ಕದ ಮುದುಕರು ಅನ್ನುವವರೆಗೆ ಕಾಯಿರಿ.

ಎಂಟು: ನೀವೇ ಗಿಟಾರ್ ಹಿಡಿದರೆ

ಮನೆಯಲ್ಲಿ ಗಿಟಾರ್ ಇದ್ದು, ಹಾಡುವ ಗೆಳೆಯರೊಬ್ಬರಿದ್ದರೆ ಇದನ್ನು ಮಾಡಿ ನೋಡಿ. ಫ್ಲಮೆಂಕೊ ಹಾಡೇ ಆಗಬೇಕೆಂದಿಲ್ಲ. ಭಾವಗೀತೆಯೂ ಆದೀತು, ಜನಪದವೂ ಆದೀತು. ಕಲಿಯಬೇಕಾದದ್ದು ಜೊತೆ ಕೂರುವುದನ್ನು.

ಮೊದಲು ಶ್ರುತಿಯನ್ನು ಹಾಡುವವರಿಗೆ ಬಿಟ್ಟುಕೊಡಿ. ಫ್ಲಮೆಂಕೊದಲ್ಲಿ ಹಾಡುವವರು ‘ನಾಲ್ಕಕ್ಕೆ, ಪೋರ್ ಮೆದಿಯೊ’ ಎನ್ನುತ್ತಾರೆ. ಕ್ಯಾಪೋವನ್ನು, ಅಂದರೆ ತಂತಿಗಳನ್ನೆಲ್ಲ ಒತ್ತಿಹಿಡಿದು ಶ್ರುತಿ ಏರಿಸುವ ಹಿಡಿಕೆಯನ್ನು, ನಾಲ್ಕನೆಯ ಮನೆಗೆ ಹಾಕಿ ಎ ಸ್ವರಮೇಳದ ಹಿಡಿತದಲ್ಲಿ ನುಡಿಸು ಎಂದು ಅದರ ಅರ್ಥ. ಇ ಹಿಡಿತವಾದರೆ ‘ಪೋರ್ ಅರೀಬಾ’. ಬೆರಳಿನ ಹಿಡಿತ ಅದೇ ಇರುತ್ತದೆ, ಕ್ಯಾಪೋ ಮಾತ್ರ ದನಿಗೆ ತಕ್ಕಂತೆ ಏರಿಳಿಯುತ್ತದೆ. ಹಾಡುವವರು ಬಾಯಿಬಿಟ್ಟು ಹೇಳದಿದ್ದರೆ ಕೇಳಿ ತಿಳಿದುಕೊಳ್ಳಿ. ಇವತ್ತು ಗಂಟಲು ಸರಿಯಿಲ್ಲ ಎಂದರೆ ಒಂದು ಮನೆ ಕೆಳಗಿಳಿಸಿ, ಚರ್ಚೆ ಬೇಡ.

ಎ ಮೈನರ್, ಜಿ, ಎಫ್, ಇ, ಈ ಇಳಿಯುವ ನಾಲ್ಕು ಸ್ವರಮೇಳಗಳನ್ನು ತಾಂಗೊಸ್ ತಾಳದಲ್ಲಿ ಗೆಳೆಯರ ‘ಆ’ಕಾರಕ್ಕೆ ನುಡಿಸುತ್ತಾ ಹೋಗಿ. ನಿಯಮ ಒಂದೇ: ಅವರು ಬಾಯಿ ತೆರೆದಿರುವಷ್ಟು ಹೊತ್ತು ನೀವು ಹೊಸದೇನನ್ನೂ ನುಡಿಸಕೂಡದು. ಅವರು ನಿಲ್ಲಿಸಿದಾಗ ಮಾತ್ರ ನಾಲ್ಕೈದು ಸ್ವರದ ಚಿಕ್ಕ ಉತ್ತರ, ಅದೂ ಅವರು ಕೊನೆಗೆ ಬಿಟ್ಟ ಸ್ವರದಿಂದಲೇ ತೊಡಗಬೇಕು. ಮೊದಲ ದಿನ ಕೈ ತುರಿಸುತ್ತದೆ. ನನಗಂತೂ ವಾರವಿಡೀ ತುರಿಸಿತು. ಕಲಿತದ್ದನ್ನೆಲ್ಲ ಸಂದಿನಲ್ಲಿ ತುರುಕಲು ಹೋಗಿ, ಮುಂದಿನ ಸಾಲು ಬಂದಾಗ ನಾನಿನ್ನೂ ಹಿಂದಿನ ಸ್ವರಮಾಲೆಯ ನಡುವೆ ಸಿಕ್ಕಿಕೊಂಡಿರುತ್ತಿದ್ದೆ.

ಪಾತ್ರಗಳನ್ನು ಒಮ್ಮೆ ಅದಲುಬದಲು ಮಾಡಿಕೊಳ್ಳಿ. ನಿಮ್ಮ ದನಿ ಹೇಗೇ ಇರಲಿ, ಹಾಡುವವರ ಕುರ್ಚಿಯಲ್ಲಿ ಕುಳಿತು ಸಾಲೊಂದನ್ನು ಎಳೆದರೆ, ಗಿಟಾರ್ ಎಲ್ಲಿ ಅಡ್ಡ ಬರುತ್ತದೆ, ಎಲ್ಲಿ ಕೈ ಹಿಡಿಯುತ್ತದೆ ಎಂಬುದು ಐದು ನಿಮಿಷದಲ್ಲಿ ತಿಳಿಯುತ್ತದೆ.

ಪ್ರತಿ ಸಲವೂ ಮೊಬೈಲಿನಲ್ಲಿ ಮುದ್ರಿಸಿಕೊಂಡು ಮರುದಿನ ಕೇಳಿ. ಮುದ್ರಣದಲ್ಲಿ ಹಾಡುವವರು ಸಾಲಿಗೆ ಮುನ್ನ ಉಸಿರೆಳೆದುಕೊಳ್ಳುವ ಸದ್ದು ಕೇಳಿಸುತ್ತಿದ್ದರೆ ನಿಮ್ಮ ಗಿಟಾರಿನ ಸದ್ದು ಸರಿಯಾಗಿದೆ. ಕೇಳಿಸದಿದ್ದರೆ ಇನ್ನಷ್ಟು ಮೆಲ್ಲಗೆ ನುಡಿಸಿ.